ಕೈಯಲ್ಲಿ ಇಲ್ಲದಿದ್ದ ರಾಜರು

ಅವತ್ತು ಇಸ್ಪೀಟಾಟದಲ್ಲಿ ನನ್ನ ಕೈಯಲ್ಲಿ ಎರಡು ರಾಜ ಇರಲಿಲ್ಲ. ಒಂದು ಏಳು ಇತ್ತು, ಒಂದು ಮೂರು ಇತ್ತು. ರಾಜ ಇತ್ತು ಎಂದು ಸುಳ್ಳು ಹೇಳಿದೆ. ಆ ಸುಳ್ಳಿಗೆ ನಂಜುಂಡ ಎಂಬ ಮನುಷ್ಯನ ಕಸುಬು ಹೋಯಿತು — ಹೋಯಿತು ಎಂದು ಬರೆದರೆ ತಾನಾಗಿಯೇ ಎದ್ದು ಹೋದ ಹಾಗೆ ಕೇಳಿಸುತ್ತದೆ. ಹೋಗಲಿಲ್ಲ. ನಾನು ಕಳೆದೆ. ಕಳೆದು, ಐದು ವರ್ಷ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಗಿರಾಕಿಗಳ ಜೊತೆ ನಗುತ್ತಾ ಮಾತಾಡಿಕೊಂಡಿದ್ದೆ.

ನನ್ನ ಹೆಸರು ರುದ್ರಪ್ಪ. ರಾಮನಗರದಲ್ಲಿ ರೇಷ್ಮೆ ಹುಳು ಸಾಕುವವರಿಗೆ ಬೇಕಾದ ಸಾಮಾನಿನ ಅಂಗಡಿ ಇಟ್ಟಿದ್ದೇನೆ. ಸುಣ್ಣ, ಬ್ಲೀಚಿಂಗ್ ಪೌಡರು, ಹುಳದ ಮೇಲೆ ಉದುರಿಸುವ ಪುಡಿ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ — ಇವೇ. ಕೈಲಾಂಚದ ಕಡೆಯವರು, ಸಾತನೂರಿನ ಕಡೆಯವರು ಎಲ್ಲ ಬರುತ್ತಾರೆ. ಈ ಬರಹ ಮುಖ್ಯವಾಗಿ ಅವರಿಗೇ. ನೀವು ನನ್ನ ಮಾತು ನಂಬಿದಿರಲ್ಲ, ನಿಮ್ಮ ಮೇಲೂ ನನಗೆ ಸಿಟ್ಟಿದೆ. ಅದು ಆಮೇಲೆ. ಮೊದಲು ನನ್ನದು.

ಅಂಗಡಿಯ ಮೇಲೆ ಒಂದು ಕೋಣೆ ಇದೆ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ನಾವು ನಾಲ್ಕು ಜನ ಅಲ್ಲಿ ಪೋಕರ್ ಆಡುತ್ತಿದ್ದೆವು. ರಾಮನಗರದಲ್ಲಿ ಪೋಕರಾ ಎಂದು ಹುಬ್ಬೇರಿಸಬೇಡಿ. ಗೆಳೆಯ ಜಯರಾಮು ಬಿಡದಿಯ ಕಾರ್ಖಾನೆಗೆ ದಿನಾ ರೈಲಿನಲ್ಲಿ ಹೋಗಿ ಬರುವವನು. ಜೊತೆಯಲ್ಲಿ ಕೆಲಸ ಮಾಡುವ ಯಾರದೋ ಹತ್ತಿರ ಕಲಿತು ಬಂದು ನಮಗೂ ಹಚ್ಚಿದ. ಆಟ ಕಷ್ಟದ್ದೇನಲ್ಲ. ಒಬ್ಬೊಬ್ಬರಿಗೆ ಎರಡೆರಡು ಎಲೆ ಮುಚ್ಚಿ ಕೊಡುವುದು. ನಡುವೆ ಐದು ಎಲೆ ಎಲ್ಲರಿಗೂ ಕಾಣುವ ಹಾಗೆ ಒಂದಾದ ಮೇಲೆ ಒಂದು ಬಿಡಿಸುತ್ತಾ ಹೋಗುವುದು. ಎರಡನ್ನೂ ಕೂಡಿಸಿ ಯಾರದು ದೊಡ್ಡದೋ ಅವನು ಗೆದ್ದ. ಐದನೆಯ ಎಲೆಗೆ ಜಯರಾಮು ಏನೋ ಇಂಗ್ಲಿಷ್ ಹೆಸರು ಹೇಳಿದ. ನಮ್ಮ ಬಾಯಲ್ಲಿ ಅದು ಕೊನೆಯೆಲೆ ಆಯಿತು. ದುಡ್ಡು ಕಟ್ಟುತ್ತಿರಲಿಲ್ಲ. ಬಿಲ್ಲೆಗಳಲ್ಲಿ ಆಟ. ಮೊದಲು ಬಿಲ್ಲೆ ಖಾಲಿ ಮಾಡಿಕೊಂಡವನು ಮುಂದಿನ ಭಾನುವಾರ ಬೆಳಿಗ್ಗೆ ಎಲ್ಲರನ್ನೂ ಬಿಡದಿಗೆ ಕರೆದುಕೊಂಡು ಹೋಗಿ ತಟ್ಟೆ ಇಡ್ಲಿ ಕೊಡಿಸಬೇಕು. ಇಷ್ಟೇ ಪಣ. ಒಂದು ಪ್ಲೇಟು ಇಡ್ಲಿಯ ಆಟದಲ್ಲಿ ನಾನು ಮನುಷ್ಯನೊಬ್ಬನನ್ನು ಸೋಲಿಸಿ ಕೂರಿಸಿದೆ.

ಆ ಬಿಲ್ಲೆಗಳನ್ನು ತಂದುಕೊಟ್ಟವನೂ ನಂಜುಂಡನೇ. ಅವನ ಸೋದರಮಾವ ಚನ್ನಪಟ್ಟಣದಲ್ಲಿ ಮರದ ಗೊಂಬೆ ಮಾಡುವವರು. ಗೊಂಬೆ ತಿರುಗಿಸುವ ಯಂತ್ರದಲ್ಲೇ ಬಿಲ್ಲೆ ಕೊರೆಸಿ, ಕೆಂಪು, ಹಸಿರು, ಹಳದಿ ಅರಗಿನ ಬಣ್ಣ ಹಾಕಿಸಿ, ಹಿಟ್ಟಿನ ಚೀಲದಲ್ಲಿ ತುಂಬಿ ತಂದು ಚಾಪೆಯ ಮೇಲೆ ಸುರಿದಿದ್ದ. “ಆಡ್ರಣ್ಣ, ಮಾವ ಪ್ರೀತಿಯಿಂದ ಮಾಡ್ಕೊಟ್ಟವ್ರೆ” ಎಂದಿದ್ದ. ಅವು ಈಗಲೂ ನನ್ನ ಹತ್ತಿರವೇ ಇವೆ.

ನಂಜುಂಡ ಕೈಲಾಂಚದಲ್ಲಿ ಚಾಕಿ ಮಾಡುತ್ತಿದ್ದ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮೊಟ್ಟೆಯೊಡೆದು ಬಂದ ರೇಷ್ಮೆ ಹುಳು ಕಪ್ಪು ದಾರದ ಚೂರಿನಷ್ಟಿರುತ್ತದೆ. ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಿ, ಎರಡು ಸಲ ಪೊರೆ ಬಿಡುವವರೆಗೆ — ನಾವು ಅದನ್ನು ಜ್ವರ ಎನ್ನುತ್ತೇವೆ — ಜೋಪಾನ ಮಾಡಿ, ಎರಡನೇ ಜ್ವರ ಎದ್ದ ಹುಳುವನ್ನು ರೈತರಿಗೆ ಕೊಡುವುದು ಚಾಕಿಯವರ ಕೆಲಸ. ಅಲ್ಲಿ ಒಂದು ಕೈ ತಪ್ಪಿದರೆ ಮುಂದೆ ಇಡೀ ಬೆಳೆ ತಪ್ಪುತ್ತದೆ. ಹಾಗಾಗಿ ನಮ್ಮ ಕಡೆ ಹುಳು ಕೊಡುವವನ ಕೈಗುಣ ನೋಡುತ್ತಾರೆ, ಹುಳದ ಮನೆಗೆ ಮೊದಲು ಕಾಲಿಡುವವನ ಕಾಲ್ಗುಣ ನೋಡುತ್ತಾರೆ. ನಂಜುಂಡನನ್ನು ಕೈಲಾಂಚ ಹೋಬಳಿಯವರು ಹುಳು ತಂದುಕೊಟ್ಟು ಹೋಗು ಎನ್ನುತ್ತಿರಲಿಲ್ಲ. “ನಿನ್ ಕೈಯಾಗೇ ಬುಟ್ಟು ಓಗಪ್ಪ” ಎನ್ನುತ್ತಿದ್ದರು. ಅವನೇ ಒಳಗೆ ಹೋಗಿ ಮೊದಲ ಹಾಸಿಗೆ ಹಾಸಿ, ಹುಳು ಬಿಟ್ಟು ಬರಬೇಕಿತ್ತು.

ಭಾನುವಾರ ಅವನು ಬರುವುದು ಯಾವಾಗಲೂ ತಡ. ಮಧ್ಯಾಹ್ನದ ಸೊಪ್ಪು ಹಾಕಿ ಬರಬೇಕಲ್ಲ. ಬಂದವನು ಕೆಳಗಿನ ನಲ್ಲಿಯಲ್ಲಿ ಕೈಕಾಲು ತೊಳೆದುಕೊಂಡೇ ಮೆಟ್ಟಿಲು ಹತ್ತುತ್ತಿದ್ದ. ಹುಳದ ಮನೆಗೆ ಹೋಗುವಾಗೆಲ್ಲ ಸುಣ್ಣದ ನೀರಿನಲ್ಲಿ ಕಾಲದ್ದಿ ಅಭ್ಯಾಸವಾದವನು. ಈ ತಾಲ್ಲೂಕಿನಲ್ಲಿ ಅವನಷ್ಟು ಸಲ ಕಾಲು ತೊಳೆದವರು ಇರಲಾರರು. ಆ ಕಾಲಿನ ಗುಣದ ಬಗ್ಗೆ ಮಾತಾಡಿದವನು ನಾನು — ಗದ್ದಲದ ಆಟದಲ್ಲಿ ಕಾಲು ಚಾಚಿ ಕೂತು, ಚಾಪೆಯ ಮೇಲೆ ಬೀಡಿ ಬೂದಿ ಉದುರಿಸುತ್ತಿದ್ದವನು.

ಆ ಕಾಲದಲ್ಲಿ ನನಗೆ ಎಲೆ ಬೀಳುತ್ತಿರಲಿಲ್ಲ. ಎರಡು ತಿಂಗಳು ಸತತವಾಗಿ ಸೋತೆ. ಮೊದಮೊದಲು ನಿಜವಾಗಿಯೂ ಎಲೆಯೇ ಕೈಕೊಟ್ಟಿತು, ಅದರಲ್ಲಿ ಸುಳ್ಳಿಲ್ಲ. ಎರಡು ಎಕ್ಕ ಹಿಡಿದು ಸೋತೆ. ಅದಾದ ಮೇಲೆ ಗೆಲ್ಲುವ ಎಲೆ ಬಂದರೂ ಸೋಲುವ ಹಾಗೆ ಆಡತೊಡಗಿದೆ. ಹಟಕ್ಕೆ ಬಿದ್ದು ಕಟ್ಟಬಾರದ ಕಡೆ ಬಿಲ್ಲೆ ಕಟ್ಟಿದೆ, ಬಿಡಬೇಕಾದ ಕಡೆ ಬಿಡಲಿಲ್ಲ. ಅದನ್ನು ಒಪ್ಪಿಕೊಳ್ಳುವುದಕ್ಕೆ ನನ್ನ ಮಾನ ಅಡ್ಡ ಬಂತು. ಆ ಆಟವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ನಾನು ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಮೊಬೈಲಿನಲ್ಲಿ ಆಟದ ವಿಡಿಯೋ ನೋಡಿ ಬಂದು ಉಳಿದವರಿಗೆ ಪಾಠ ಹೇಳುತ್ತಿದ್ದೆ. ಅಂಥವನು ವಾರ ವಾರ ಇಡ್ಲಿ ಕೊಡಿಸುವುದೆಂದರೆ — ಹಾಗಾಗಿ ದೋಷ ಬೇರೆ ಎಲ್ಲಾದರೂ ಇರಲೇಬೇಕಿತ್ತು.

ಏನೇನು ಮಾಡಿದೆ ಗೊತ್ತೇ? ಕೂರುವ ಜಾಗ ಬದಲಿಸಿದೆ. ಗೆದ್ದ ದಿನ ಹಾಕಿದ್ದ ಶರಟನ್ನು ಒಗೆಯದೆ ಹಾಕಿಕೊಂಡು ಬಂದೆ. ಎಲೆಯ ಕಟ್ಟಿಗೆ ಊದುಬತ್ತಿ ಬೆಳಗಿದೆ. ಒಂದು ದಿನ ಕಟ್ಟಿನ ಮೇಲೆ ನಿಂಬೆಹಣ್ಣು ಇಟ್ಟೆ. ಜಯರಾಮು ಬಿದ್ದು ಬಿದ್ದು ನಕ್ಕ.

“ಲೇ ರುದ್ರ, ಎಲೆಗೆ ನಿನ್ ಹೆಸ್ರು ಗೊತ್ತಿಲ್ಲ ಕಣ್ಲಾ. ಯಾರ್ ಕೈಗ್ ಓಯ್ತಾ ಇದೀನಿ ಅಂತ ನೋಡ್ಕಂಡು ಬರಕ್ಕೆ ಅದಕ್ಕೆ ಕಣ್ಣೈತಾ? ಕೆಟ್ಟ ಎಲೆ ಬಂದ್ರೆ ಮಡಗ್ಬುಟ್ಟು ಸುಮ್ಕೆ ಕೂತ್ಕೊಳ್ಳೋದ್ ಕಲಿ.”

ಅದೊಂದೇ ಮದ್ದು, ಅವನು ಅಂದೇ ಕೊಟ್ಟ. ಕೆಟ್ಟ ಕಾಲದಲ್ಲಿ ಸುಮ್ಮನೆ ಕೂರುವುದು. ನನಗೆ ಅದೊಂದು ಬಿಟ್ಟು ಬೇರೆಲ್ಲ ಬರುತ್ತಿತ್ತು.

ಇನ್ನು ಆ ಭಾನುವಾರ. ಕೈಗೆ ಏಳು, ಮೂರು ಬಂತು. ಇದಕ್ಕಿಂತ ಕೀಳು ಎಲೆ ಹುಡುಕಿದರೂ ಸಿಗುವುದು ಕಷ್ಟ. ನಡುವೆ ಬಿದ್ದ ನಾಲ್ಕು ಎಲೆಗಳಲ್ಲಿ ಒಂದೂ ನನಗೆ ಹೊಂದಲಿಲ್ಲ. ಸಿಟ್ಟು ನೆತ್ತಿಗೇರಿತು. ಬುರುಡೆ ಬಿಡೋಣ ಎಂದುಕೊಂಡೆ — ಕೈಯಲ್ಲಿ ದೊಡ್ಡದು ಇದೆ ಎಂಬಂತೆ ಇದ್ದಬದ್ದ ಬಿಲ್ಲೆಯನ್ನೆಲ್ಲ ನಡುವೆ ತಳ್ಳಿದೆ. ಜಯರಾಮು ಹೆದರಿ ಎಲೆ ಕೆಳಗಿಟ್ಟು ಆಟ ಬಿಡುತ್ತಾನೆ ಎಂದು ಲೆಕ್ಕ. ಅವನು ಬಹಳ ಹೊತ್ತು ನನ್ನ ಮುಖ ನೋಡಿದ. ಆಮೇಲೆ ತನ್ನ ಬಿಲ್ಲೆಗಳನ್ನೂ ತಳ್ಳಿದ. ಅವನ ಹತ್ತಿರ ಎರಡು ರಾಣಿ. ನಾನು ಆಗಲೇ ಸೋತಿದ್ದೆ, ಕೊನೆಯೆಲೆ ಏನೇ ಬರಲಿ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಒದ್ದೆ ಕಾಲು ಹೊಸಿಲ ಈಚೆ ಇಟ್ಟು ನಂಜುಂಡ ನಿಂತಿದ್ದ. ಅದೇ ಗಳಿಗೆಗೆ, ಎಲೆ ಹಂಚುತ್ತಿದ್ದ ಪುಟ್ಟಮಾದಣ್ಣ ಕೊನೆಯೆಲೆ ಬಿಡಿಸಿದರು. ಅವರು ಬಸ್ ಕಂಡಕ್ಟರಾಗಿ ನಿವೃತ್ತಿಯಾದವರು, ನಮ್ಮಲ್ಲಿ ಹಿರಿಯರು. ಬಂದದ್ದು ಮತ್ತೊಂದು ರಾಣಿ. ಮೂರು ರಾಣಿ ಸೇರಿದರೆ ಎರಡು ರಾಜನನ್ನೂ ಹೊಡೆಯುತ್ತದೆ.

ಜಯರಾಮು ಕೇಕೆ ಹಾಕಿ ತನ್ನ ಎಲೆ ತೋರಿಸಿದ. ನಮ್ಮ ಆಟದಲ್ಲಿ ಸೋತವನು ಎಲೆ ತೋರಿಸಲೇಬೇಕೆಂಬ ಕಟ್ಟಳೆ ಇರಲಿಲ್ಲ. ನಾನು ನನ್ನೆರಡನ್ನೂ ಬೋರಲಾಗಿ ಗುಡ್ಡೆಗೆ ಬೀಸಿ ಎಸೆದೆ. ಎಸೆದ ರಭಸಕ್ಕೆ ಒಂದು ಎಲೆ ಚಾಪೆಯಾಚೆ ಜಾರಿಹೋಯಿತು. ಯಾರೋ ಎತ್ತಿ ಗುಡ್ಡೆಗೆ ಸೇರಿಸಿದರು. ಯಾರು ಎಂದು ನಾನು ನೋಡಲಿಲ್ಲ. ನನ್ನ ಕಣ್ಣು ಜಯರಾಮು ಬಾಚಿಕೊಳ್ಳುತ್ತಿದ್ದ ಬಿಲ್ಲೆಗಳ ಮೇಲಿತ್ತು.

“ಎರಡು ರಾಜ ಇತ್ತು ಕಣ್ರಯ್ಯಾ ನನ್ನತ್ರ! ಎರಡು ರಾಜ! ಗೆದ್ದೇ ಬುಟ್ಟಿದ್ದೆ. ಇವ್ನು ಒಳಕ್ ಕಾಲಿಟ್ಟ, ರಾಣಿ ಬಂತು. ಏನ್ ಕಾಲ್ಗುಣವಯ್ಯಾ ನಿಂದು!”

ಬಾಯಿಗೆ ಬಂತು, ಅಂದೆ. ಮೊದಲೇ ಯೋಚಿಸಿರಲಿಲ್ಲ — ಇದನ್ನು ನನ್ನ ಪರವಾಗಿ ಹೇಳುತ್ತಿಲ್ಲ. ಯೋಚಿಸದೆಯೇ ಅಷ್ಟು ಸಲೀಸಾಗಿ ಬಂತಲ್ಲ, ಅದಕ್ಕೆ ನನ್ನ ಮೇಲೆ ಹೆಚ್ಚು ಅಸಹ್ಯ. ಎಲ್ಲರೂ ನಕ್ಕರು. ನಂಜುಂಡನೂ ನಕ್ಕ, ಒಸಿ ತಡವಾಗಿ. ಪುಟ್ಟಮಾದಣ್ಣ, “ಏನ್ಲಾ ಕೊನೆಲೆ, ಹಂಗೇ ನಿಂತ್ಕಂಡೆ? ಬಾ ಕೂತ್ಕೊ” ಎಂದರು. ಅಷ್ಟೇ. ಹೆಸರು ಅಂಟಿಕೊಂಡಿತು. ಕೊನೆಲೆ ನಂಜುಂಡ.

ಮುಂದಿನ ವಾರದಿಂದ ಅದೇ ಒಂದು ತಮಾಷೆ. ಅವನ ಹೆಜ್ಜೆ ಸದ್ದು ಮೆಟ್ಟಿಲ ಮೇಲೆ ಕೇಳಿದರೆ ಸಾಕು, “ಲೇ ಕೊನೆಲೆ, ಅಲ್ಲೇ ಇರು, ಈ ಆಟ ಮುಗೀಲಿ!” ಎಂದು ನಾನೇ ಮೊದಲು ಕೂಗುತ್ತಿದ್ದೆ. ಅವನು ಬಾಗಿಲಾಚೆ ನಿಂತಿರುತ್ತಿದ್ದ. “ಮುಗೀತಾ ಅಣ್ಣ? ಒಳಕ್ ಬರ್ಬೋದಾ?” ಎಂದು ಕೇಳಿಯೇ ಬರುತ್ತಿದ್ದ. ತಾನು ತಂದುಕೊಟ್ಟ ಬಿಲ್ಲೆಯ ಆಟಕ್ಕೆ! ಇದನ್ನು ಬರೆಯುವಾಗ ಹಲ್ಲು ಕಚ್ಚಿಕೊಂಡಿದ್ದೇನೆ.

ಮಾತು ಆ ಕೋಣೆಯಲ್ಲೇ ಉಳಿದಿದ್ದರೆ — ಉಳಿಯುತ್ತದೆಯೇ? ಪುಟ್ಟಮಾದಣ್ಣ ಟೀ ಅಂಗಡಿಯಲ್ಲಿ ನಗಿಸಲು ಹೇಳಿದರು. ಟೀ ಕುಡಿಯಲು ಬಂದವರು ಗೂಡಿನ ಮಾರುಕಟ್ಟೆಯಲ್ಲಿ ಹೇಳಿದರು. ಮಾರುಕಟ್ಟೆಯಿಂದ ಅದು ಕೈಲಾಂಚಕ್ಕೆ ಹೋಗುವ ಹೊತ್ತಿಗೆ ಇಸ್ಪೀಟೂ ಇರಲಿಲ್ಲ, ನಗುವೂ ಇರಲಿಲ್ಲ. ನಂಜುಂಡನ ಕಾಲ್ಗುಣ ಸರಿಯಿಲ್ಲ, ರಾಮನಗರದ ರುದ್ರಣ್ಣನೇ ಹೇಳಿದರು — ಇಷ್ಟೇ ಉಳಿದಿತ್ತು.

ಆ ಚಳಿಗಾಲ ಕೈಲಾಂಚದ ಶಿವಣ್ಣನ ಹುಳುವಿಗೆ ಸುಣ್ಣಕಟ್ಟು ರೋಗ ಬಂತು. ಹುಳು ಸತ್ತು ಬಿಳೀ ಸೀಮೆಸುಣ್ಣದ ಹಾಗೆ ಗಟ್ಟಿಯಾಗುವ ರೋಗ. ಥಂಡಿ, ತೇವ ಹೆಚ್ಚಿದಾಗ ಬರುತ್ತದೆ. ಪುಡಿ ಉದುರಿಸಿ, ಹಾಸಿಗೆ ಒಣಗಿಸಿ ತಡೆಯಬೇಕು. ಶಿವಣ್ಣ ಆ ಬೆಳೆಗೆ ನನ್ನ ಅಂಗಡಿಯಿಂದ ಪುಡಿ ಒಯ್ದಿರಲಿಲ್ಲ. ಬೇರೆಲ್ಲಿಂದಲೂ ಒಯ್ದಿರಲಿಲ್ಲ, ಅದನ್ನು ಅವನೇ ನನಗೆ ಹೇಳಿದ್ದ — ಹೋದ ಸಲದ್ದೇ ಮಿಕ್ಕಿದೆ, ಸಾಕು ಅಂತ. ಸಾಕಾಗಲಿಲ್ಲ. ಹುಳು ಹೋಯಿತು. ಆ ಹುಳು ನಂಜುಂಡನ ಚಾಕಿಯದು.

ಶಿವಣ್ಣ ಬಂದು ಅಂಗಡಿಯ ಮುಂದೆ ನಿಂತ. ಅವತ್ತು ಸಂತೆ; ಇನ್ನೂ ನಾಲ್ಕೈದು ಜನ ಅವರ ಕಡೆಯವರೇ ಸಾಮಾನು ಕಟ್ಟಿಸುತ್ತಿದ್ದರು.

“ರುದ್ರಣ್ಣ, ಒಂದ್ ಮಾತ್ ಕೇಳ್ತೀನಿ, ನಿಜ ಯೋಳ್ಬುಡಿ. ನಂಜುಂಡನ್ ಕಾಲ್ಗುಣ ಸರಿಯಿಲ್ವಂತಲ್ಲ? ನೀವೇ ಅಂದ್ರಂತಲ್ಲ?”

ಎಲ್ಲರ ಕೈಯೂ ನಿಂತಿತು. ಎಲ್ಲರೂ ನನ್ನ ಕಡೆ ನೋಡಿದರು.

ಆಗ ಬಾಯಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ‘ಥೂ, ಅದು ಇಸ್ಪೀಟಿನ ಮಾತು ಕಣಯ್ಯಾ, ನನ್ನ ಹತ್ತಿರ ರಾಜ ಇರಲೇ ಇಲ್ಲ, ಸೋತ ಅವಮಾನಕ್ಕೆ ಏನೋ ಬೊಗಳಿದೆ. ನಿನ್ನ ಹುಳು ಸತ್ತದ್ದು ಪುಡಿ ಹಾಕದೆ’ — ಇಷ್ಟು ಮಾತು. ಆದರೆ ಅದನ್ನು ಹೇಳಬೇಕಾದರೆ ನಾನು ಏಳು, ಮೂರು ಇಟ್ಟುಕೊಂಡು ಎಲ್ಲ ಬಿಲ್ಲೆ ತಳ್ಳಿದ ದಡ್ಡ ಎಂದು ಒಪ್ಪಿಕೊಳ್ಳಬೇಕಿತ್ತು. ಮಾತು ಜಯರಾಮುವಿನ ಕಿವಿಗೆ ಬೀಳುತ್ತಿತ್ತು. ಭಾನುವಾರ ಅವನು ನಗುತ್ತಿದ್ದ. ಆ ನಗುವಿಗೆ ಹೆದರಿದೆ. ಒಂದು ಕುಟುಂಬದ ಅನ್ನ ಒಂದು ಕಡೆ, ಜಯರಾಮುವಿನ ನಗು ಒಂದು ಕಡೆ — ನಾನು ತೂಗಿ ನೋಡಿ ಆರಿಸಿಕೊಂಡದ್ದು ಇದನ್ನು.

“ನಾನೇನಪ್ಪ ಯೋಳ್ಲಿ ಶಿವಣ್ಣ,” ಎಂದೆ. “ಹುಳದ್ ವಿಚಾರ ನಂಗ್ಯಾಕೆ. ನಮ್ ಆಟದಾಗಂತೂ ಹಂಗೇ ಆಯ್ತು.”

ಶಿವಣ್ಣ ತಲೆಯಾಡಿಸಿದ. ಸಾಮಾನು ಕಟ್ಟಿಸುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ತಕ್ಕಡಿಯ ಕಡೆ ತಿರುಗಿದೆ.

ನಂಜುಂಡ ಮೊಟ್ಟೆಗೆ ಆಗಲೇ ಹೇಳಿ ತರಿಸಿದ್ದ. ಚಾಕಿಯ ಕೆಲಸದಲ್ಲಿ ತಡೆದು ನಿಲ್ಲಿಸುವುದು ಎಂಬುದಿಲ್ಲ. ಮೊಟ್ಟೆ ಒಡೆಯುವ ದಿನಕ್ಕೆ ಒಡೆದೇ ಒಡೆಯುತ್ತದೆ. ಹುಳು ಎರಡನೇ ಜ್ವರ ಎದ್ದಾಗ ಒಯ್ಯಬೇಕಾದ ರೈತರು ಬರಲಿಲ್ಲ. ಒಬ್ಬರಿಗೆ ಸೊಪ್ಪು ಕಮ್ಮಿಯಂತೆ, ಒಬ್ಬರ ಮನೆಯಲ್ಲಿ ಸೂತಕವಂತೆ, ಒಬ್ಬರು ಮನೆಯಲ್ಲೇ ಇಲ್ಲವಂತೆ. ಯಾರೂ ಮುಖದ ಮೇಲೆ ಹೇಳಲಿಲ್ಲ. ನಂಜುಂಡ ತನ್ನ ತೋಟದ ಸೊಪ್ಪೆಲ್ಲ ಕೊಯ್ದು ಅವನ್ನು ಸಾಕಿದ. ಬೆಳೆಯುವ ಹುಳು ದಿನದಿನಕ್ಕೆ ದಪ್ಪವಾಗುತ್ತದೆ, ತಿನ್ನುವುದು ದುಪ್ಪಟ್ಟಾಗುತ್ತದೆ. ಚಾಕಿಯ ಸಣ್ಣ ತೋಟ ಎಷ್ಟು ದಿನಕ್ಕೆ ಬಂದೀತು? ಗಂಡ ಹೆಂಡತಿ ಇಬ್ಬರೂ ಊರೂರು ತಿರುಗಿ ಸೊಪ್ಪು ಕೇಳಿದರಂತೆ. ಇದನ್ನೆಲ್ಲ ನಾನು ಅಂಗಡಿಗೆ ಬಂದವರ ಬಾಯಲ್ಲಿ ಕೇಳಿದೆ. ಕೇಳಿ, “ಅಯ್ಯೋ ಪಾಪ” ಎಂದೆ.

ಒಂದು ಬೆಳಿಗ್ಗೆ ಅವನೇ ಬಂದ.

“ಒಂದ್ ಮೂಟೆ ಸುಣ್ಣ ಕೊಡಿ ರುದ್ರಣ್ಣ.”

“ಏನಯ್ಯಾ, ಮನೆ ತೊಳೀತೀಯಾ? ಹೊಸಾ ಬೆಳೆನಾ?” ಎಂದೆ, ಏನೂ ಗೊತ್ತಿಲ್ಲದವನಂತೆ.

“ಇಲ್ಲಣ್ಣ. ಗುಂಡಿ ತೋಡಿವ್ನಿ. ಹುಳು ಮುಚ್ಬೇಕು.”

ಸತ್ತ ಹುಳುವನ್ನು ಹೂಳುವಾಗ ಸುಣ್ಣ ಹಾಕುತ್ತಾರೆ. ಅವನ ಹುಳು ಸತ್ತಿರಲಿಲ್ಲ. ರೋಗವಿರಲಿಲ್ಲ, ಏನಿರಲಿಲ್ಲ. ಜೀವಂತ ಹುಳು, ಆರೋಗ್ಯವಾದ ಹುಳು, ತಿನ್ನಲು ಸೊಪ್ಪಿಲ್ಲದ್ದು. ನಾನು ಮೂಟೆ ತೆಗೆಸಿ ಅವನ ಗಾಡಿಗೆ ಹಾಕಿಸಿದೆ. ಮೂಟೆ ಹಾಕಿದ ಮೇಲೂ ಅವನು ಹೊರಡಲಿಲ್ಲ. ಗಾಡಿಯ ಹ್ಯಾಂಡಲ್ ಹಿಡಿದು ನಿಂತೇ ಇದ್ದ. ನನ್ನನ್ನೇ ನೋಡುತ್ತಿದ್ದ.

“ಇನ್ನೇನಾದ್ರೂ ಬೇಕಿತ್ತಾ?” ಎಂದೆ.

“ಇಲ್ಲಣ್ಣ. ಬತ್ತೀನಿ” ಎಂದ. ಹೋದ.

ಚಾಕಿ ಮನೆಗೆ ಬೀಗ ಬಿತ್ತು. ಗಂಡ ಹೆಂಡತಿ ಬಿಡದಿಗೆ ಹೋದರು ಎಂದು ಕೇಳಿದೆ. ನಾನು ಆಟ ನಿಲ್ಲಿಸಿದೆ ಎಂದುಕೊಂಡಿರೇನೋ. ಇಲ್ಲ. ಮುಂದಿನ ಭಾನುವಾರವೇ ಆಡಿದೆ, ಅವನದೇ ಬಿಲ್ಲೆಗಳಲ್ಲಿ. ಗೆದ್ದೆ ಕೂಡ. ಅದರ ಮುಂದಿನ ವಾರವೂ ಗೆದ್ದೆ. ಆಗ ನನ್ನ ತಲೆಯೊಳಗೆ ಒಂದು ಮಾತು ಬಂತು, ಅದನ್ನೂ ಬರೆಯುತ್ತೇನೆ, ಬರೆಯದಿದ್ದರೆ ಈ ನಿವೇದನೆ ಅರ್ಧ — ‘ನೋಡು, ಅವನು ಬರುವುದು ನಿಂತ ಮೇಲೆ ಎಲೆ ತಿರುಗಿತು.’ ಏಳು, ಮೂರು ಹಿಡಿದು ಸುಳ್ಳು ಹೇಳಿದವನು ನಾನೇ. ಆ ಸುಳ್ಳನ್ನು ನಂಬಿದವನೂ ನಾನೇ. ದುರದೃಷ್ಟ, ಗ್ರಹಚಾರ, ಟೈಮ್ ಸರಿಯಿಲ್ಲ ಎಂದು ಯಾರಾದರೂ ಗೋಳಾಡಿದರೆ ಈಗ ನನಗೆ ಮೈ ಉರಿಯುತ್ತದೆ. ನನಗೆ ಟೈಮ್ ಸರಿಯಿಲ್ಲದೆ ಹೋದದ್ದು ಎರಡು ತಿಂಗಳು, ಅದೂ ಇಸ್ಪೀಟಿನಲ್ಲಿ. ಅದನ್ನು ನುಂಗಿಕೊಂಡು ಸುಮ್ಮನಿರಲಾರದೆ ಇನ್ನೊಬ್ಬನ ತಲೆಗೆ ಕಟ್ಟಿದೆ.

ಹೋದ ತಿಂಗಳು ಆಟದಲ್ಲಿ ನಾನು ಸೋತೆ. ಭಾನುವಾರ ಬೆಳಿಗ್ಗೆ ಜಯರಾಮುವನ್ನೂ ಪುಟ್ಟಮಾದಣ್ಣನನ್ನೂ ಕರೆದುಕೊಂಡು ಬಿಡದಿಗೆ ಹೋದೆ. ನಾವು ಯಾವಾಗಲೂ ಹೋಗುವ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ರಸ್ತೆಯಾಚೆ ಇನ್ನೊಂದಕ್ಕೆ ನುಗ್ಗಿದೆವು. ಇಡ್ಲಿ ಬಂತು, ಮೇಲೆ ಬೆಣ್ಣೆ ಇನ್ನೂ ಕರಗುತ್ತಿತ್ತು. ಅಡಿಗೆ ಮನೆಯ ಬಾಗಿಲಿಗೆ ಯಾರೋ ಚಟ್ನಿಯ ಬಕೆಟ್ ಹಿಡಿದು ಬಂದರು. ನಮ್ಮನ್ನು ನೋಡಿ ಅಲ್ಲೇ ನಿಂತರು.

“ಅಣ್ಣ, ಮುಗೀತಾ? ಒಳಕ್ ಬರ್ಬೋದಾ?”

ನಂಜುಂಡ. ನಗುತ್ತಲೇ ಕೇಳಿದ. ತಮಾಷೆಗೆ ಕೇಳಿದ. ತಾನು ದುಡಿಯುವ ಹೋಟೆಲಿನಲ್ಲಿ, ತನ್ನ ಕೈಯಲ್ಲಿ ಚಟ್ನಿ ಹಿಡಿದುಕೊಂಡು, ನನ್ನ ಮೇಜಿನ ಹತ್ತಿರ ಬರಲು ಅಪ್ಪಣೆ ಕೇಳಿದ. ಪುಟ್ಟಮಾದಣ್ಣ, “ಲೇ, ಕೊನೆಲೆ! ನೀನೇನ್ಲಾ ಇಲ್ಲಿ!” ಎಂದು ಜೋರಾಗಿ ನಕ್ಕರು. ನನಗೆ ಅವರ ಬಾಯಿ ಹಿಡಿದು ಮುಚ್ಚಬೇಕೆನಿಸಿತು. ಯಾವ ಮುಖದಿಂದ? ಅವರ ಬಾಯಿಗೆ ಆ ಮಾತು ಹಾಕಿದವನು ನಾನು.

ಕೈ ತೊಳೆಯುವ ನೆಪದಲ್ಲಿ ಹಿಂದೆ ಹೋದೆ. ಅವನು ಈರುಳ್ಳಿ ಹೆಚ್ಚುತ್ತಿದ್ದ. ಅಷ್ಟು ಸಣ್ಣಗೆ, ಅಷ್ಟು ಸಮನಾಗಿ — ಎಳೆ ಸೊಪ್ಪು ಹೆಚ್ಚಿ ಪಳಗಿದ ಕೈ, ಒಂದು ನೋಟಕ್ಕೇ ತಿಳಿಯುತ್ತಿತ್ತು. ಹೊರಗೆ ಇವರು ಕಾಯುತ್ತಿದ್ದರು. ಇವತ್ತು ಹೇಳದಿದ್ದರೆ ಮುಂದೆ ಹೇಳಲಾರೆ ಎನಿಸಿತು.

“ನಂಜುಂಡ, ಅವತ್ತು ನನ್ನತ್ರ ರಾಜ ಇರ್ಲಿಲ್ಲ ಕಣಯ್ಯಾ.”

ಅವನು ಚಾಕು ನಿಲ್ಲಿಸಲಿಲ್ಲ. “ಗೊತ್ತಣ್ಣ” ಎಂದ.

“ಏನ್ ಗೊತ್ತು?”

“ಒಂದ್ ಎಲೆ ಚಾಪೆಯಿಂದ ಆಚೆ ಬಿತ್ತಲ್ಲ, ನನ್ ಕಾಲ್ತಾವ. ನಾನೇ ಎತ್ತಿ ಮಡಗ್ದೆ. ಕಳಾವರ್ ಮೂರು.”

ನನಗೆ ಸಿಟ್ಟು ಬಂತು. ನಂಬುತ್ತೀರೋ ಇಲ್ಲವೋ, ಅವನ ಮೇಲೆ ಸಿಟ್ಟು ಬಂತು. ಎಲ್ಲ ಗೊತ್ತಿದ್ದೂ ಸುಮ್ಮನಿದ್ದನಲ್ಲ! ಒಂದು ಮಾತು ಅಂದಿದ್ದರೆ ಸಾಕಿತ್ತಲ್ಲ! “ಯಾಕಯ್ಯಾ ಬಾಯಿ ಬುಡ್ಲಿಲ್ಲ ಅವತ್ತು? ನಂದೇ ಎಲೆ ಎತ್ತಿ ನನ್ ಮುಖಕ್ಕೆ ಯಾಕ್ ಇಡೀಲಿಲ್ಲ?” ಎಂದು ಅವನ ಮೇಲೇ ರೇಗಿದೆ. ತಪ್ಪು ಮಾಡಿದವನು ನಾನು, ದನಿ ಏರಿಸಿದವನೂ ನಾನು.

ಅವನು ಈರುಳ್ಳಿಯ ಕಡೆಯೇ ನೋಡುತ್ತಾ ಹೇಳಿದ: “ನಿಮ್ ಮನೇಲಿ, ನಾಕ್ ಜನದ್ ಮುಂದೆ, ನಿಮ್ಮನ್ನ ಸುಳ್ಳ ಅನ್ನಕ್ಕಾಯ್ತದಾ ಅಣ್ಣ? ನೀವೇ ಯೋಳ್ತೀರಿ ಅಂತ ಕಾದೆ. ಹುಳು ಮೂರನೇ ಜ್ವರಕ್ಕೆ ಕೂತ್ಕೊಳ್ಳೋಗಂಟ ಕಾದೆ. ಸುಣ್ಣ ತಕ್ಕಂಡ್ ಮೇಲೂ ಒಸಿ ಹೊತ್ತು ನಿಂತಿದ್ದೆ.”

ಅವನು ಬೈದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಗಾಡಿಯ ಹ್ಯಾಂಡಲ್ ಹಿಡಿದು ಅವನು ನಿಂತಿದ್ದ ಆ ಹೊತ್ತು — ನಾನು ಅದನ್ನು ಐದು ವರ್ಷ ಮರೆತೇಬಿಟ್ಟಿದ್ದೆ. ಗುಂಡಿ ತೋಡಿ ಬಂದಿದ್ದ. ಆ ಗುಂಡಿಗೆ ಹುಳು ಸುರಿಯುವ ಮೊದಲು ನನಗೆ ಕೊನೆಯದೊಂದು ಅವಕಾಶ ಕೊಡಲು ನಿಂತಿದ್ದ. ನಾನು, ಇನ್ನೇನಾದರೂ ಬೇಕಿತ್ತಾ ಎಂದು ಗಿರಾಕಿಯನ್ನು ಕೇಳುವ ಹಾಗೆ ಕೇಳಿ ಕಳಿಸಿದ್ದೆ.

ಮತ್ತೆ ಚಾಕಿ ಶುರುಮಾಡು, ಎಲ್ಲರಿಗೂ ನಾನೇ ಹೇಳುತ್ತೇನೆ ಎಂದೆ. ಅವನು ತಲೆ ಅಲ್ಲಾಡಿಸಿದ. “ಬ್ಯಾಡಣ್ಣ. ಹುಳಕ್ಕೆ ಯಾರ್ ಮಾತೂ ಕೇಳ್ಸಲ್ಲ, ನಾನೇನೋ ಸಾಕ್ಬೋದು. ತಕ್ಕೊಳ್ಳೋರ್ಗೆ ಕೇಳಿಸ್ಬುಟ್ಟೈತಲ್ಲ. ಇನ್ನೊಂದ್ಸಲ ಗುಂಡಿ ತೋಡಕ್ಕೆ ನಂಗೆ ಆಗಕಿಲ್ಲ.” ಕ್ಷಮಿಸಿದ್ದೇನೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಹೊರಗೆ ಬಂದು ಜಯರಾಮುವಿಗೆ, ಪುಟ್ಟಮಾದಣ್ಣನಿಗೆ ಅಲ್ಲೇ ಹೇಳಿದೆ. ಜಯರಾಮು ನಗುತ್ತಾನೆ ಎಂದು ಐದು ವರ್ಷ ಹೆದರಿದ್ದೆನಲ್ಲ — ಅವನು ನಗಲಿಲ್ಲ. ಮುಂದಿದ್ದ ಪ್ಲೇಟನ್ನು ಪಕ್ಕಕ್ಕೆ ಸರಿಸಿ, ರೈಲಿಗೆ ಹೋಗ್ತೀನಿ ಎಂದು ಒಬ್ಬನೇ ಎದ್ದು ಹೋದ. ಅವತ್ತಿನಿಂದ ಭಾನುವಾರದ ಆಟ ನಿಂತಿದೆ.

ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದೇನೆ. ಇಲ್ಲೇ ನನಗೆ ನಿಮ್ಮ ಮೇಲೆ ಸಿಟ್ಟು. ಸುಳ್ಳು ಹೇಳಿದ ದಿನ ಸಾಕ್ಷಿ ಕೇಳದೆ ನಂಬಿದಿರಿ. ಈಗ ನಿಜ ಹೇಳಿದರೆ, “ಬುಡಿ ರುದ್ರಣ್ಣ, ನಿಮ್ದು ದೊಡ್ಡ ಮನಸ್ಸು, ಅವ್ನ್ ಮೇಲೆ ಕನಿಕರಕ್ಕೆ ಯೋಳ್ತಿದೀರಿ” ಎನ್ನುತ್ತೀರಿ. ನನ್ನ ಪಾಪವನ್ನೇ ನನ್ನ ದೊಡ್ಡತನ ಮಾಡಿಬಿಟ್ಟಿರಿ. ಹಾಗಾಗಿ ಬರೆದಿಡುತ್ತಿದ್ದೇನೆ. ನನಗೆ ಕನಿಕರವಿಲ್ಲ, ದೊಡ್ಡ ಮನಸ್ಸೂ ಇಲ್ಲ. ನನ್ನ ಕೈಯಲ್ಲಿದ್ದದ್ದು ಏಳು ಮತ್ತು ಮೂರು. ನಂಜುಂಡನ ಕಾಲಿಗೂ ನಿಮ್ಮ ಹುಳುವಿಗೂ ಯಾವ ಸಂಬಂಧವೂ ಇರಲಿಲ್ಲ.

ಒಬ್ಬನಿಗೆ ಮಾತ್ರ ಇನ್ನೂ ಹೇಳಿಲ್ಲ. ಶಿವಣ್ಣ ಈ ತಿಂಗಳಲ್ಲಿ ಎರಡು ಸಲ ಬಂದು ಹೋದ. ಎರಡು ಸಲವೂ ನನ್ನ ನಾಲಗೆ ಏಳಲಿಲ್ಲ. ಅವನ ಹುಳು ಈಗ ನಾಲ್ಕನೇ ಜ್ವರಕ್ಕೆ ಕೂತಿದೆಯಂತೆ, ನಾಳೆಯೋ ನಾಡಿದ್ದೋ ಪುಡಿಗೆ ಬರುತ್ತಾನೆ. ಅಂಗಡಿಯಲ್ಲಿ ಎಷ್ಟು ಜನ ಇದ್ದರೆ ಅಷ್ಟು ಒಳ್ಳೆಯದು. ಪುಡಿ ಕಟ್ಟಿಕೊಡುತ್ತೇನೆ. ಅವನು ಹೊರಡಲು ತಿರುಗಿದಾಗ, ಇನ್ನೇನಾದರೂ ಬೇಕಿತ್ತಾ ಎಂದು ಕೇಳುವುದಿಲ್ಲ. ಒಸಿ ಹೊತ್ತು ನಿಂತ್ಕೊ ಶಿವಣ್ಣ, ಎನ್ನುತ್ತೇನೆ.